ಗ್ವಾಡಿ ಆಚಿ ಸಾಲಿ

ಕುಂದರ್ರಿ ಸಾಹೇಬ್ರ, ಖಿಚಡಿ ಇನ್ನೂ ಒಂದ ಕುದಿ ಬರಬೇಕು.
ಜತ್ತದಿಂದ ಗಾಡಿ, ಸಂಖದ ಫಾಟಾದಿಂದ ನಡಿಗಿ,
ಬೂಟಿನ ಮ್ಯಾಲಿನ ಧೂಳ ಎಲ್ಲಾ ಹೇಳತೈತಿ.
ನಿಮ್ಮ ಕಾಗದದಾಗ ಒಂದ ಖಾನೆ ಐತೆಲ್ಲ,
ಯಾರು ಹೆಂಗ ಕಲಸ್ತಾರ ಅನ್ನೂದು,
ಅದನ್ನ ನನ್ನ ಯಾರೂ ಕೇಳೂದಿಲ್ಲ.
ಹನ್ನೊಂದ ವರ್ಷ ಆತು.
ಈ ಒಲಿಗೂ ಆ ವರ್ಗಕ್ಕೂ ನಡಕ ಇರೂದು
ಒಂದ ಇಟ್ಟಂಗಿ ದಪ್ಪದ ಗ್ವಾಡಿ.

ಬಿರಾಜದಾರ ಗುರುಗಳ ತಾಟ ನೋಡಬೇಕ್ರಿ ನೀವು.
ಖಿಚಡಿಯೊಳಗಿನ ವಟಾಣಿ ಒಂದೊಂದ ಆರಿಸಿ
ಅಂಚಿಗೆ ಸಾಲಾಗಿ ಇಡತಾರ,
ಕಡೀಕ ಎಣಿಸಿದಂಗ ತಿಂತಾರ.
ವರ್ಗದಾಗೂ ಹಂಗ.
ಉತ್ತರದ ಕೆಳಗ ಎರಡ ಗೆರಿ ಇಲ್ಲಂದ್ರ
ಉತ್ತರ ಸರಿ ಇದ್ರೂ ಅರ್ಧ ಮಾರ್ಕು.
ಅವರ ಹುಡುಗ್ರು ಸಂತ್ಯಾಗ ಚಿಲ್ಲರ ತಪ್ಪಂಗಿಲ್ಲ, ಅದು ಖರೆ.
ಆದ್ರ ಒಂದ ಗುಬ್ಬಿ ಒಳಗ ಹೊಕ್ಕರ
ಅದನ್ನ ನೋಡಬೇಕೋ ಬ್ಯಾಡೋ ಅಂತ
ಮೊದಲ ಗುರುಗಳ ಮಾರಿ ನೋಡತಾವ.

ಮಾಶ್ಯಾಳ ಬಾಯಾರು ನಿಂತ ತಿಂತಾರ,
ನನ್ನ ಸೌಟ ಕಸಗೊಂಡು ತಾವ ಬಡಸ್ತಾರ.
ಸಿಟ್ಟ ಬಂದ್ರ ಡಸ್ಟರ್ ಕಿಡಕಿ ಆಚಿ,
ನಗು ಬಂದ್ರ ಮ್ಯಾಲಿನ ಪತರಾ ನಡಗತೈತಿ.
ಒಮ್ಮೆ ನದಿ ಪಾಠ ಬಂತು.
ಬಂದವರ ನನ್ನ ತುಂಬಿದ ಕೊಡ ಎತ್ತಿ
ವರ್ಗದ ನಟ್ಟನಡುವ ಸುರವಿದ್ರು,
"ನೋಡ್ರಿ, ನೀರು ಯಾರನ್ನೂ ಕೇಳಲಾರದ ತಗ್ಗ ಹುಡಕತೈತಿ!"
ಹುಡುಗ್ರು ಹಸಿ ಚಡ್ಡಿಯಾಗ ಮನಿಗೆ,
ನಾ ಮತ್ತ ಬೋರಿಂಗಿಗೆ.
ಬೈಕೋತ ಹೋದೆ, ಸುಳ್ಳ ಯಾಕ ಹೇಳಲಿ.
ಆದ್ರ ನೆಲ ಒಣಗೂತನಕ ಅಲ್ಲೊಂದು ನದಿ ಇತ್ತು.
ಅವರ ಮನ್ಯಾಗಿನ ಜಗಳ ಮಾತ್ರ ನಮಗ
ಮರುದಿನ ಹದಿನೇಳರ ಮಗ್ಗಿ ಆಗಿ ಕೇಳಸ್ತೈತಿ.

ಇನ್ನ ಐವಳೆ ಗುರುಗಳು.
ಮುಂಜಾನೆ ನೀವು ಅವರ ವರ್ಗದಾಗ ಕುಂತು
ಎರಡ ಸಲ ಗಡಿಯಾರ ನೋಡಿದಿರಿ, ನಾ ಕಂಡೀನಿ.
ಅವರಿಗೆ ಮಾತ ತಡೀತೈತ್ರಿ.
'ಪ' ಬಂದ್ರ, 'ಬ' ಬಂದ್ರ, ತುಟಿ ಮುಚ್ಚಿ ನಿಂತ ಬಿಡತಾರ,
ಕೀಲಿ ಹಾಕಿದ ಅಂಗಡಿ ಮುಂದ ನಿಂತಂಗ.
ಮೊದಲ ವರ್ಷ ಹುಡುಗ್ರು ನಕ್ಕುವು.
ಗುರುಗಳೂ ನಕ್ಕರು.
ಆಮ್ಯಾಲ ಹುಡುಗ್ರು ಕಾಯಾಕ ಕಲತುವು.
ಮೂವತ್ತ ಮಕ್ಕಳು ಒಂದ ಶಬ್ದಕ್ಕ ಕಾಯೂದು
ನೀವು ಎಂದರ ಕೇಳೀರೇನು?
ನನ್ನ ಒಲ್ಯಾಗಿನ ಕಟಗಿ ಚಟ್ ಅಂದದ್ದೂ ಕೇಳತೈತಿ.
ಹಿಂದಿನ ಸಾಲಿನ ಧೂಳಪ್ಪ,
ಕುರಿ ಬಿಟ್ಟ ಬಂದಾಂವ, ಬಾಯಿ ಬಿಡದಾಂವ,
ಮೆಲ್ಲಕ ಅಂದ, "ಪರ್ವತ ಏನ್ರಿ?"
ಬೇಕಾಗಿದ್ದು ಪಕ್ಷಿ.
"ಅಲ್ಲೋ. ಆದ್ರ ಅದೂ ಛಲೋ ಐತಿ" ಅಂದವರ
ಪರ್ವತಾನೂ ಫಳಿ ಮ್ಯಾಲ ಬರದರು.
ತಪ್ಪ ಲೆಕ್ಕಾನೂ ಅವರು ಒರಸೂದಿಲ್ಲ,
ಇರಲಿ ಅಂತಾರ, ಪಕ್ಕದಾಗ ಇನ್ನೊಂದ ಬರೀತಾರ.

ಆ ಸಂದಿನ್ಯಾಗ, ಸಾಹೇಬ್ರ, ನಾ ಒಳಗ ಹೊಕ್ಕೆ.
ಬಿರಾಜದಾರ ಗುರುಗಳ ಮಾತು ನನ್ನ ಕೈಗಿಂತ ಜೋರ ಓಡತಿತ್ತು,
ಬಾಯಾರದು ಉಕ್ಕಿ ಚೆಲ್ಲತಿತ್ತು.
ಇವರು ಒಂದ ಅಕ್ಷರದ ಮುಂದ ನಿಂತಾಗ
ನಾ ಬ್ಯಾಳಿ ತೊಳದು, ಉಪ್ಪ ಹಾಕಿ,
ಕಿಡಕ್ಯಾಗ ಇಣಿಕಿ, ಬೂದ್ಯಾಗ ಅದನ್ನ ತಿದ್ದಿ,
ಮತ್ತ ಸೌಟ ಹಿಡಿಯೂದ್ರಾಗ
ಅವರು ಇನ್ನೂ ಅಲ್ಲೇ ಇರತಿದ್ರು.
ಮೊದಲ ಕನ್ನಡ.
ಬುಧವಾರಕ್ಕೊಮ್ಮೆ ಮರಾಠಿ, ಅದೂ ಅಷ್ಟ ಸಾವಕಾಶ.

ಅದಕ್ಕ ಇಷ್ಟ ಹೇಳಿದೆ.
ಕಾಗದ ನೀವು ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟೀರಿ,
ನನ್ನ ಕಡೆ ತಲಿಕೆಳಗಾಗೇತಿ, ಆದ್ರೂ ಓದಾಕ ಬರತೈತಿ.
ಐವಳೆ ಗುರುಗಳ ಹೆಸರಿನ ಮುಂದ
'ಸಾಧಾರಣ' ಅಂತ ಬರದೀರಿ.

ಹೊಡದ ಹಾಕಬ್ಯಾಡ್ರಿ. ಇರಲಿ ಅದು.
ಪಕ್ಕದಾಗ ಜಾಗ ಐತಿ.
ನಾ ತಾಟ ತೊಳಕೊಂಡ ಬರತೀನಿ.