ಮೋಟುಗಾಲಿನ ಅಕ್ಷರ

ನಿಪ್ಪಾಣಿಯಿಂದ ಬಂದವನು ಕರವಸ್ತ್ರ ಬಿಚ್ಚಿ
ಅಜ್ಜನ ಪೈಪು ಗಲ್ಲೆಯ ಮೇಲಿಟ್ಟ.
ತಂಬಾಕು ವಖಾರಿಯ ಶಿಪ್ಪೂರೆ ಮನೆತನ,
ಮಾತು ಮೆತ್ತಗೆ, ಬೂಟು ಹೊಸದು.
"ಇಲ್ಲಿ ಬರದದ ನೋಡ್ರಿ, ಅಲ್ಜೀರಿಯನ್ ಬ್ರಯರ್.
ಹಡಗದಾಗ ಬಂದಿದ್ದಂತ.
ಕೊಳವಿ ಸಡಲಾಗೇದ, ಕೂಡಿಸಿ ಕೊಡ್ರಿ.
ಹಂಗ ಎಷ್ಟ ಬಾಳತದ, ಅದನ್ನೂ ಹೇಳ್ರಿ."

ಬೆಳಗಾವಿ ಕ್ಯಾಂಪಿನ ಈ ಸಂದಿಯಲ್ಲಿ
ನಾನು ಲಟ್ಟಣಿಗೆ, ತೊಟ್ಟಿಲ ಗುಬ್ಬಿ, ಮಂಚದ ಕಾಲು ಕಡೆಯುವವಳು.
ಅಬ್ಬಾ, ಹಾಶೀಮಸಾಬ ಖರಾದಿ, ಇದ್ದಾಗ
ಪಲ್ಟನ್ನಿನ ಸಾಹೇಬರ ಪೈಪೂ ಬರುತ್ತಿದ್ದವು ರಿಪೇರಿಗೆ.
ಹೀಗಾಗಿ ಗೊತ್ತು:
ಬ್ರಯರ್ ಅಂದರೆ ಮರವಲ್ಲ,
ಗಿಡದ ಬುಡದಲ್ಲಿ ನೆಲದೊಳಗೆ ಊದಿದ ಗಂಟು.
ಗುಡ್ಡಕ್ಕೆ ಗುಡ್ಡವೇ ಉರಿದು ಹೋದರೂ
ಮಣ್ಣಡಿ ಸುಮ್ಮನೆ ಕೂತು
ಮುಂದಿನ ಮಳೆಗೆ ಚಿಗುರು ಕಳಿಸುವಂಥದ್ದು.
ಬೆಂಕಿಯ ಪರಿಚಯ ಅದಕ್ಕೆ ಹಳೆಯದು.

ಇನ್ನೊಂದೂ ಗೊತ್ತು.
ದೇಶದ ಹೆಸರು ಒತ್ತುವವನು
ಆ ಗುಡ್ಡ ಕಂಡವನಲ್ಲ.
ಮೂಟೆ ಯಾವ ಬಂದರಿನದೋ, ಹೆಸರು ಯಾವುದು ಬಿಕರಿಯಾಗುತ್ತದೋ,
ಅದೇ ಊರು.
ಕೆಲವದರ ಮೇಲೆ ಬರೀ 'ಆಮದು' ಅಂತಿರುತ್ತದೆ.
ಎಲ್ಲಿಂದ? ಆಚೆಯಿಂದ.
"ನಿಪ್ಪಾಣಿ ಚೀಟಿ ಹಚ್ಚಿದ ಜರದಾ ಎಲ್ಲಾ
ನಿಪ್ಪಾಣಿದೇನಬೇ?" ಅನ್ನುತ್ತಿದ್ದ ಅಬ್ಬಾ,
ಉಳಿ ಮಸೆಯುತ್ತ.

ಭೂತಗನ್ನಡಿ ಹಿಡಿದೆ.
ಹೆಸರಿನಲ್ಲಿ ಮೂರು 'ಆರ್'.
ಮೂರಕ್ಕೂ ಬಲಗಾಲು ಮೋಟು.

ಬಿಸ್ಕೀಟು ಡಬ್ಬಿಯಲ್ಲಿ ಈಗಲೂ ಇವೆ ಆ ಉಕ್ಕಿನ ಅಚ್ಚುಗಳು,
ಒಂದೊಂದು ಅಕ್ಷರಕ್ಕೆ ಒಂದೊಂದು.
ಏಳು ವರ್ಷದವಳು, ಆಟಕ್ಕೆ ತಗೊಂಡು,
ಬಾವಿಕಟ್ಟೆಯ ಕಲ್ಲಿಗೆ ಕೆಡವಿದ್ದು ನಾನು.
ಅಬ್ಬಾ ಬೈಯಲಿಲ್ಲ. ಎತ್ತಿ, ಊದಿ, ನೋಡಿ
"ಕುಂಟ ಆತು. ನಡೀತದ" ಅಂದಿದ್ದ.

ಆ ವರ್ಷ ಯಾರೋ ದಲಾಲಿ ಬಂದಿದ್ದ,
ವಖಾರಿಯ ಧಣಿಗೆ ವಿಲಾಯಿತಿ ಪೈಪೇ ಆಗಬೇಕೆಂದು.
ಮಾಲು ಇಲ್ಲ. ಅಬ್ಬಾ ಮಿಷನ್ ಶಾಲೆಯ ಮಾಸ್ತರನ್ನು ಕೇಳಿದ,
ಬ್ರಯರ್ ಅಂದರೇನು?
ಮಾಸ್ತರು ಡಿಕ್ಷನರಿ ತೆಗೆದರು: ಮುಳ್ಳಿನ ಗಿಡ.
ಸರಿ. ಯಳ್ಳೂರ ಗುಡ್ಡದಿಂದ ಬಾರಿಗಿಡದ ಬುಡ
ಅಗೆದು ತಂದ, ಕೈಯೆಲ್ಲ ತರಚಿಕೊಂಡು.
ಆರು ತಿಂಗಳು ನೆರಳಲ್ಲಿ ಒಣಗಿಸಿದ.
ಸುಳ್ಳು ಒತ್ತುವುದಕ್ಕೂ
ಅಷ್ಟು ಪ್ರಾಮಾಣಿಕತೆ ಬೇಕಾಗಿತ್ತು ಅವನಿಗೆ.

ಆ ಕಡಲಾಚೆಯ ಗಿಡಕ್ಕೆ ಮುಳ್ಳೇ ಇಲ್ಲವಂತೆ.
ಆಮೇಲೆ ಒಬ್ಬ ಕರ್ನಲ್ಲ ಹೇಳಿದ.
ಅಬ್ಬಾ ಎರಡು ದಿನ ಮಾತಾಡಿರಲಿಲ್ಲ.

"ಅಜ್ಜಾರು ವಿಲಾಯಿತಿ ತಂಬಾಕ ಬಿಟ್ರ
ಬ್ಯಾರೆ ಮುಟ್ಟತಿದ್ದಿಲ್ರಿ," ಅಂದ ಮೊಮ್ಮಗ.
ಬಟ್ಟಲೊಳಗಿನ ಮಸಿ ಕೆರೆದೆ.
ಬೀಡಿ ತಂಬಾಕಿನ ಘಾಟು ಎದ್ದು
ಇಬ್ಬರಿಗೂ ಸೀನು.

ಕೊಳವಿ ಕೂಡಿಸಿದೆ. ಅರವತ್ತು ರೂಪಾಯಿ.
ಪಾವತಿಯಲ್ಲಿ ಬರೆದೆ:
'ಬಾರಿ ಬುಡ, ಯಳ್ಳೂರು. ಕಡೆದವರು ಹಾ. ಖರಾದಿ.
ಅಕ್ಷರ ಕುಂಟಾಗಿಸಿದವಳು, ಮಗಳು.'

ಓದಿದ. ಇನ್ನೊಮ್ಮೆ ಓದಿದ.
ಬಾಳುವುದೆಷ್ಟು ಅಂತ ಮತ್ತೆ ಕೇಳಲಿಲ್ಲ.
ಹೊಸ್ತಿಲು ದಾಟಿದವನು ತಿರುಗಿ ಬಂದು
"ಆ ಕಾಲಷ್ಟು ತಿದ್ದಾಕ ಬರತದೇನ್ರಿ?" ಅಂದ.

ಬರತದ, ಅಂದೆ.
ತಿದ್ದೂದಿಲ್ಲ.