ಹನ್ನೆರಡನೆಯ ಚೀಟಿ

ರೂವಿಯ ಹಮ್ರಿಯಾದಲ್ಲಿ, ಲಾಂಡ್ರಿಯ ಹಿಂಬದಿ,
ತಿಂಗಳ ಮೊದಲ ಶುಕ್ರವಾರ
ನಮಾಜು ಮುಗಿದ ಮೇಲೆ ಡಬ್ಬಿ ತೆರೆಯುತ್ತದೆ.
ಬಿಸ್ಕತ್ತಿನ ನೀಲಿ ಡಬ್ಬಿ.
ಬಿಸ್ಕತ್ತು ತಿಂದವರು ಯಾರೋ, ಯಾವ ಕಾಲದಲ್ಲೋ.

ತಲೆಗೆ ಇಪ್ಪತ್ತು ರಿಯಾಲು. ಹನ್ನೆರಡು ತಲೆ.
ಲೆಕ್ಕ ನನ್ನದು.
ಕುಮಟೆಯವ, ಇಸ್ತ್ರಿಯವ;
ಮುದುಡಿದ ನೋಟನ್ನು ಅರಿವೆಯ ಕೆಳಗಿಟ್ಟು
ಒಮ್ಮೆ ಪೆಟ್ಟಿಗೆ ಹಾಯಿಸದೆ ಎಣಿಸಿದರೆ
ನನಗೆ ಸಮಾಧಾನವಿಲ್ಲ.

ಬ್ಯಾಂಕಿನ ಗಾಜಿನ ಬಾಗಿಲೂ ಇದೇ ಬೀದಿಯಲ್ಲಿದೆ.
ಒಮ್ಮೆ ಹೋಗಿದ್ದೆ. ತಂಪಾಗಿತ್ತು.
ಅಡವಿಡಲು ಏನಿದೆ, ಅಂದರು.
ಇಲ್ಲಿ ನಾವು ಅಡವಿಡುವುದು ಮುಖವನ್ನು.
ಮುಂದಿನ ತಿಂಗಳೂ ಇದೇ ಮುಖ ಹೊತ್ತು
ಇದೇ ಮೂರು ಮೆಟ್ಟಿಲಿಳಿದು ಬರಬೇಕಲ್ಲ,
ಜಾಮೀನು ಅಷ್ಟೇ.

ಹೋದ ಸುತ್ತಿನ ಮೊದಲ ಚೀಟಿ ಮಫೀಜುಲ್‌ನದು.
ನೋವಾಖಾಲಿಯ ತಮ್ಮನಿಗೆ ಐಸು ಪುಡಿ ಮಾಡುವ ಯಂತ್ರ:
ದೋಣಿ ನಮ್ಮದಲ್ಲ, ಮೀನು ನಮ್ಮದಲ್ಲ,
ಐಸಾದರೂ ನಮ್ಮದಿರಲಿ, ಅಂದ.
ಝಾಪಾದ ದಿಲ್‌ಮಾಯಾ ಎಲೆತಟ್ಟೆ ಒತ್ತುವ ಅಚ್ಚು ತರಿಸಿದಳು.
ಅಕ್ಕಿಆಲೂರಿನ ಹಜರತಬಿ
ಖಾರ ಕುಟ್ಟುವ ಯಂತ್ರಕ್ಕೆ ಮುಂಗಡ ಕಳಿಸಿದಳು.
ಸುಮ್ಮನೆ ಯಾರಿಗೂ ದುಡ್ಡು ಕೊಟ್ಟವರಲ್ಲ ನಾವು.
ಕರೆಂಟು ಎಷ್ಟು ತಾಸು? ಕೊಳ್ಳುವವರು ಯಾರು?
ಉದ್ರಿ ಕೇಳಿದರೆ ಏನು ಹೇಳ್ತೀ,
ಸ್ವಂತ ಅತ್ತೆಯೇ ಬಂದು ಉದ್ರಿ ಕೇಳಿದರೆ?

ಐದನೆಯದು ನಲುಬೇಗಾಳದು.
ಮಸಾಕಾದ ತಂಗಿಗೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ.
ತೊಂಬತ್ತಾರು ಮೊಟ್ಟೆ.
ಹದಿನಾಲ್ಕನೆಯ ರಾತ್ರಿ ಕರೆಂಟು ಹೋಯಿತು, ಬೆಳಗಿನವರೆಗೂ ಬರಲಿಲ್ಲ.
ಒಂದೂ ಒಡೆಯಲಿಲ್ಲ.
ಆ ಶುಕ್ರವಾರ ಅವಳು ಮೆಟ್ಟಿಲಿಳಿದು ಬಂದಳು,
ಇಪ್ಪತ್ತು ರಿಯಾಲು ಡಬ್ಬಿಗೆ ಹಾಕಿದಳು,
ಗೋಡೆಗೆ ಮುಖ ಮಾಡಿ ಕೂತಳು.
ಯಾರೂ ಸಮಾಧಾನ ಹೇಳಲಿಲ್ಲ.
ಹಜರತಬಿ ಒಬ್ಬಳೇ ಕೇಳಿದಳು,
‘ಬ್ಯಾಟರಿ ಎಷ್ಟಾಗ್ತದ?’

ಆ ತಿಂಗಳು ತಲೆಗೆ ಮೂರು ರಿಯಾಲು ಹೆಚ್ಚು.
ಜಮೆಯೋ ಖರ್ಚೋ ತಿಳಿಯದೆ
ಪುಸ್ತಕದ ಅಂಚಿನಲ್ಲಿ ಬರೆದೆ: ಬ್ಯಾಟರಿ.

ನಾನೋ, ಹನ್ನೆರಡನೆಯವ. ಆರು ಸುತ್ತೂ ಹನ್ನೆರಡನೆಯವ.
ಪಾಪ, ದೊಡ್ಡ ಮನಸ್ಸು, ಅಂದರು.
ನಾನು ಬಿಡಿಸಿ ಹೇಳಲಿಲ್ಲ.
ಮೊದಲು ಎತ್ತಿದವ ನಾಳೆಯನ್ನು ಸಾಲ ತರುತ್ತಾನೆ;
ಕಡೆಯವ ತನ್ನ ದುಡ್ಡನ್ನೇ ತಾನು ಮರಳಿ ಪಡೆಯುತ್ತಾನೆ,
ಇಸ್ತ್ರಿ ಮಾಡಿದ್ದು, ಅಷ್ಟೇ ವ್ಯತ್ಯಾಸ.
ಚೀಟಿ ಬರೆಯುವವ ನಾನೇ ಅಲ್ಲವೇ?
ಪ್ರತಿ ಸಲ ಹನ್ನೊಂದೇ ಬರೆಯುತ್ತಿದ್ದೆ.

ಮೊನ್ನೆ ಮಸಾಕಾದಿಂದ ನಲುಬೇಗಾಳ ಫೋನಿಗೆ ಒಂದು ಸದ್ದು ಬಂತು.
ಮಾತಿಲ್ಲ. ಬರೀ ಚಿಂವ್ ಚಿಂವ್.
ಹಬೆಯ ಬುಸುಗಾಟ ನಿಲ್ಲಿಸಿ ಮೂರು ಸಲ ಕೇಳಿದೆವು.
ಮಫೀಜುಲ್ ಕಿವಿಯಿಂದಲೇ ಮರಿ ಎಣಿಸಲು ನೋಡಿದ,
ಹದಿನೇಳಕ್ಕೆ ತಪ್ಪಿತು.

ಇವತ್ತು ಹೊಸ ಸುತ್ತು.
ಬಿಲ್ಲಿನ ಹಾಳೆ ಹರಿದು ಹನ್ನೆರಡು ಚೂರು ಮಾಡಿದೆ.
ಕೈ ಹಾಕಿದ್ದು ನಲುಬೇಗಾ.
ಬಿಚ್ಚಿ ನೋಡಿ, ಕನ್ನಡ ಓದಲು ಬಾರದೆ, ನನ್ನತ್ತ ಚಾಚಿದಳು.
ನಾನು ಇನ್ನೊಮ್ಮೆ ಮಡಚುವಷ್ಟರಲ್ಲಿ
ಹಜರತಬಿ ಇಣುಕಿ ಓದಿಬಿಟ್ಟಳು.

ಏನು ಮಾಡ್ತೀ?
ಸೋಡಾ, ಅಂದೆ. ಗೋಲಿ ಸೋಡಾ. ಬಸ್‌ಸ್ಟ್ಯಾಂಡಿನ ಹಿಂದೆ.
ಹೆಂಡತಿ ಜಾಗ ನೋಡಿಟ್ಟಿದ್ದಾಳೆ, ನಾಲ್ಕು ವರ್ಷವಾಯಿತು.
ಬಾಟಲಿ ತೊಳೆಯುವವರು ಯಾರು?
ಗೋಲಿ ಎಲ್ಲಿಂದ ತರ್ತೀ?
ನಿಮ್ಮೂರಲ್ಲಿ ನಾಲ್ಕು ತಿಂಗಳು ಮಳೆಯಂತೆ,
ಮಳೆಯಲ್ಲಿ ಸೋಡಾ ಯಾರು ಕುಡೀತಾರೆ?

ಬಾಯಿ ಒಣಗಿತು.
ಮಳೆಗೆ ನನ್ನ ಬಳಿ ಉತ್ತರವಿರಲಿಲ್ಲ.
‘ಯೋಚಿಸಿ ಹೇಳು,’ ಅಂದ ಮಫೀಜುಲ್,
ಡಬ್ಬಿಯ ಮುಚ್ಚಳದ ಮೇಲೆ ಮೊಣಕೈಯೂರಿ,
‘ಪುರುಸೊತ್ತುಂಟು. ಅಂಗಿಗಳು ಇನ್ನೂ ಹಸಿ.’