ನೂನ್

ಅನ್ನಕ್ಕೆ ಅವರು ಪಾಪ್ ಅನ್ನುತ್ತಾರೆ.
ಇಪ್ಪತ್ತಾರು ವರ್ಷ ಹಗರಿ ದಂಡೆಯ ಹಳ್ಳಿಗಳಲ್ಲಿ
ಸೈಕಲ್ಲು ತುಳಿದು, ಪಾಪವೆಂದರೇನೆಂದು ಹೇಳಿಬಂದವಳು ನಾನು.
ಈಗ ತೋರಣಗಲ್ಲಿನ ಕ್ವಾರ್ಟರ್ಸಿನಲ್ಲಿ
ಬಾಗಿಲು ತೆರೆದವರೆಲ್ಲ ನಗುತ್ತ ಕೇಳುತ್ತಾರೆ:
ಪಾಪ್ ಆಯಿತಾ?
ಆತ್ರಿ, ಅನ್ನುತ್ತೇನೆ. ಹೊಟ್ಟೆತುಂಬ.

ಸಭೆಯವರು ಹೇಳಿದ್ದು ಇಷ್ಟೇ:
ಉಕ್ಕಿನ ಕಾರ್ಖಾನೆಗೆ ಬಂದ ಕೊರಿಯಾದವರು, ನಲವತ್ತು ಮನೆ,
ಪಾದ್ರಿಯಿಲ್ಲ, ಭಾನುವಾರ ಮೆಸ್ಸಿನಲ್ಲೇ ಕೂಡುತ್ತಾರೆ,
ಹೋಗು ಎಸ್ತೇರಮ್ಮ, ನಿನಗೇನು ಗಂಡನೇ ಮಕ್ಕಳೇ.
ಐವತ್ತೆರಡಕ್ಕೆ ಕಾಪಿ ಪುಸ್ತಕ ಕೊಂಡೆ.
ಗೀಟು, ಸೊನ್ನೆ, ಗೀಟು. ಸೊನ್ನೆಯ ಮೇಲೊಂದು ಟೊಪ್ಪಿಗೆ.

ನನ್ನ ಗುರುವಿಗೆ ಎಂಟು ವರ್ಷ. ಹೆಸರು ಬೋರಾ.
ನಮ್ಮ ಕಡೆ ಬೋರಯ್ಯ ಅಂದರೆ ಮೀಸೆ, ಕಂಬಳಿ, ಕುರಿಹಿಂಡು;
ಇವಳಿಗೆ ಮುಂದಿನ ಎರಡು ಹಲ್ಲಿಲ್ಲ.
ಆ ಸಂದಿಯಿಂದಲೇ ಉಚ್ಚಾರ ಕಲಿತೆ,
ಅದಕ್ಕೇ ನನ್ನ ಮಾತಿನಲ್ಲಿ ಇವತ್ತಿಗೂ ಗಾಳಿ ಸೋರುತ್ತದೆ.
ಅಪ್ಪನಿಗೆ ಅವರೂ ಅಪ್ಪಾ. ನಾ ಅಂದರೆ ನಾನೇ.
ಕ್ರಿಯಾಪದ ನಮ್ಮ ಹಾಗೇ ಕೊನೆಗೆ ಬರುತ್ತದೆ,
ತಾಳಿ ಹೊತ್ತಿಗೆ ಬಸ್ಸಿಳಿಯುವ ಸೋದರಮಾವ.
ನಾವು ‘ರಿ’ ಅನ್ನುವಲ್ಲಿ ಅವರದು ‘ಯೋ’.
ಯೋ ಅಂದರೆ ಕೌಲ್‌ಬಜಾರಿನಲ್ಲಿ ಕಪಾಳಕ್ಕೆ ಬೀಳುತ್ತದೆ;
ಇಲ್ಲಿ ಅದೇ ಮರ್ಯಾದೆ.

ಒಂದು ಸಂಜೆ ಸಂಡೂರಿನಿಂದ ಅದಿರಿನ ಲಾರಿಗಳು ಇಳಿದುಹೋದ ಮೇಲೆ
ಹಗ್ಗದ ಮೇಲಿನ ಬಟ್ಟೆ, ಓಕ್‌ಸೂನಮ್ಮನ ಎಲೆಕೋಸಿನ ಭರಣಿಯ ಮುಚ್ಚಳ,
ನನ್ನ ಬಿಳಿ ಸೀರೆ, ಎಲ್ಲ ಕೆಂಪು.
ಆ ಧೂಳಿನಲ್ಲಿ ಬೆರಳಾಡಿಸುತ್ತ ಹುಡುಗಿ ಅಂದಳು:
ಪಲ್ಗಾನ್ ನೂನ್. ಕೆಂಪು ಹಿಮ.
ಆಮೇಲೆ ಕಣ್ಣು ತೋರಿಸಿ: ಇದೂ ನೂನ್.
ಹಿಮಕ್ಕೂ ಕಣ್ಣಿಗೂ ಒಂದೇ ಮಾತಾದರೆ
ಯಾವುದು ಯಾವಾಗ ಅಂತ ತಿಳಿಯೋದು ಹೇಗೆ?
ಭುಜ ಹಾರಿಸಿದಳು.

ಮೇ ತಿಂಗಳಲ್ಲಿ ಕುಲುಮೆ ಸಿಡಿಯಿತು.
ಬಳ್ಳಾರಿ ಆಸ್ಪತ್ರೆ, ಸುಟ್ಟಗಾಯದ ವಾರ್ಡು, ಮಂಚ ಹನ್ನೊಂದು:
ಪೆಕ್ ಮಾನ್ಸು, ಎರಡೂ ಕಣ್ಣಿಗೆ ಪಟ್ಟಿ,
ಹೆಂಡತಿ ಬರಲು ಇನ್ನೂ ಎರಡು ದಿನ, ಮೂರು ವಿಮಾನ.
ದಾರಿಯುದ್ದಕ್ಕೂ ಕೀರ್ತನೆಯೊಂದನ್ನು ಅವನ ಭಾಷೆಯಲ್ಲಿ ಉರುಹೊಡೆದಿದ್ದೆ;
ಕುರುಬನ ತನಕ ಬಂದು ಮರೆತುಹೋಯಿತು.
ತಪ್ಪಿಲ್ಲದೆ ನನಗೆ ಬರುತ್ತಿದ್ದ ಒಂದೇ ವಾಕ್ಯ ಕೇಳಿದೆ:
ಪಾಪ್ ಆಯಿತಾ?
ಮೂಗಿನಲ್ಲಿ ನಳಿಗೆ ಇದ್ದವನನ್ನು.
ತುಟಿಯ ಒಂದು ಬದಿ ಅಲುಗಿತು. ನಗುವಿರಬಹುದು.
ಬಹಳ ಹೊತ್ತಿನ ಮೇಲೆ ಅಂದ: ನೂನ್.
ಅಷ್ಟೇ. ಹಿಂದಿಲ್ಲ, ಮುಂದಿಲ್ಲ,
ಕಾದೆ, ಕೊನೆಗೆ ಬರಬೇಕಾದ ಕ್ರಿಯಾಪದ ಬರಲಿಲ್ಲ.
ಡಾಕ್ಟರು ಕಣ್ಣಿನ ಬಗ್ಗೆ ಏನೆಂದರೆಂದು ನನಗೆ ಗೊತ್ತಿತ್ತು.
ಹಿಮದ ಬಗ್ಗೆ ಗೊತ್ತಿರಲಿಲ್ಲ.
ವಾಯೋ, ಅಂದೆ. ಬರ್ತದರಿ.
ನಲವತ್ತಮೂರು ಡಿಗ್ರಿ, ಫ್ಯಾನು ಬಿಸಿಗಾಳಿ ತಿರುವುತ್ತಿತ್ತು.
ಅವನು ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು,
ಅಂಗೈ ಮೇಲೆ ಮಾಡಿ ಹಿಡಿದ.

ಬರುವಾಗ ಕಂಟೋನ್ಮೆಂಟಿನ ಹಳೇ ಗೋರಿಗಳ ಹತ್ತಿರ ಆಟೋ ಕೆಟ್ಟಿತು.
ಅಲ್ಲಿ ಮಲಗಿದ ದೊರೆ ಪಾದ್ರಿಗೆ
ಕಡೆತನಕ ನಮ್ಮ ಳಕಾರ ಒಲಿಯಲಿಲ್ಲವಂತೆ.
ಬರಗಾಲದಲ್ಲಿ ಮಂಡಿಯೂರಿ ಮಲೆ ಕೊಡು, ಮಲೆ ಕೊಡು ಅಂದನಂತೆ;
ದೇವರು ತಿದ್ದಿಕೊಂಡು ಮಳೆಯನ್ನೇ ಕೊಟ್ಟನಂತೆ.
ನಮ್ಮಜ್ಜಿಯ ಕಥೆ. ಅಜ್ಜಿ ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ.

ಗೇಟಿನಲ್ಲಿ ಓಕ್‌ಸೂನಮ್ಮ ನಿಂತಿದ್ದಳು.
ಅವನ ಬಗ್ಗೆ ಕೇಳಲಿಲ್ಲ.
ಪಾಪ್? ಅಂದಳು.
ಇಲ್ಲ, ಅಂದೆ.
ಒಳಗೆ ಹೋಗಿ ತಟ್ಟೆ ತೊಳೆದಳು, ಎರಡು ಸಲ,
ಅದರ ಮೇಲಿನ ಕೆಂಪು ಹೋಗುವ ತನಕ.